ಸೆನ್ಸರ್ ಹೆಚ್ಚಿದರೆ ಸಾಕೇ?

ಪ್ರದರ್ಶನಕ್ಕೆಂದು ಮಾಡಿದ ನಮ್ಮ ರೋಬೋಟ್ ಅಡ್ಡ ಬಂದವರ ಕಾಲಿಗೆ ಡಿಕ್ಕಿ ಹೊಡೆದಾಗ, "ಇನ್ನೊಂದು ಸೆನ್ಸರ್ ಹಾಕೋಣ" ಎಂದರು ಗೆಳೆಯರು. ಅಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿ ನಗರದಲ್ಲಿ, ಊಬರ್ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು ಡಿಕ್ಕಿ ಹೊಡೆದು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆ ತೀರಿಕೊಂಡರು. ಕಾರಿನಲ್ಲಿ ಕ್ಯಾಮೆರಾ, ರೇಡಾರ್, ಲೈಡಾರ್ ಮೂರೂ ಇದ್ದವು. ರೇಡಾರ್ 5.6 ಸೆಕೆಂಡ್ ಮೊದಲೇ ಆಕೆಯನ್ನು ಗುರುತಿಸಿತ್ತು. ಆದರೆ ಕಂಪ್ಯೂಟರ್ ಒಮ್ಮೆ ವಾಹನ, ಒಮ್ಮೆ ಸೈಕಲ್, ಒಮ್ಮೆ ಬೇರೇನೋ ಎಂದುಕೊಂಡಿತು. ಹೀಗೆ ಹೆಸರು ಬದಲಿಸಿದಾಗಲೆಲ್ಲ ಹಿಂದಿನ ಚಲನೆಯ ಲೆಕ್ಕ ಬಿಟ್ಟುಬಿಡುತ್ತಿತ್ತು. ಆಕೆ ಅಡ್ಡ ಬರುತ್ತಿರುವುದು ಅದಕ್ಕೆ ಸಕಾಲದಲ್ಲಿ ತಿಳಿಯಲಿಲ್ಲ.

ಎದುರಿಗಿರುವುದು ಏನೆಂದು ಗೊತ್ತಾಗದಿದ್ದರೂ, ಅದು ಎತ್ತ ಚಲಿಸುತ್ತಿದೆ ಎಂಬುದು ನೆನಪಿರಬೇಕು. ಅನುಮಾನ ಬಂದರೆ ವೇಗ ತಗ್ಗಿಸಬೇಕು. ನಮ್ಮ ರೋಬೋಟಿಗೂ ಮೊದಲು ಕಲಿಸಬೇಕಾದದ್ದು ಇದನ್ನೇ.