ರವಿಕೆಯ ಒಳಗೆ ಉಳಿಯಬೇಕಾದ ಬಟ್ಟೆ

ಮನೆ ಹೊಲಿಗೆ: ಪಟಾನ್‌ಚೆರುವಿನಿಂದ

ಹೈದರಾಬಾದಿನವರಿಗೆ ಪಟಾನ್‌ಚೆರು ಎಂದರೆ ಕಾರ್ಖಾನೆಗಳ ಊರು. ಕೃಷಿ ಓದಿದವರಿಗೆ 1972ರಲ್ಲಿ ಇಲ್ಲಿ ಶುರುವಾದ ಇಕ್ರಿಸ್ಯಾಟ್ ನೆನಪಾಗುತ್ತದೆ. ನಮ್ಮವರಿಗೆ ಮಾತ್ರ ಇದು ಊರಿನ ದಾರಿ. ಮುಂಬಯಿ ಹೆದ್ದಾರಿ ಹಿಡಿದು ಸಂಗಾರೆಡ್ಡಿ, ಜಹೀರಾಬಾದ್ ದಾಟಿದರೆ ಬೀದರ್, ಹುಮನಾಬಾದ್, ಕಲಬುರಗಿ ಕಡೆಯ ದಾರಿಗಳು ಒಂದೊಂದಾಗಿ ಕವಲೊಡೆಯುತ್ತವೆ.

ಇಲ್ಲಿ ನಾನು ಕಂಡ ಕನ್ನಡದ ಮನೆಗಳಲ್ಲಿ ಎರಡು ಬಗೆಯ ಹೊಲಿಗೆ ಮಿಷಿನ್‌ಗಳಿವೆ. ಒಂದು, ಊರಿನಿಂದ ಬಂದ ಕಪ್ಪು ಮಿಷಿನ್. ಕಾಲಲ್ಲಿ ತುಳಿಯುವುದು, ನೇರ ಹೊಲಿಗೆ ಮಾತ್ರ ಬರುವುದು. ಇನ್ನೊಂದು, ಇಲ್ಲಿಗೆ ಬಂದ ಮೇಲೆ ಕೊಂಡ ಬಿಳಿ ಕರೆಂಟ್ ಮಿಷಿನ್. ಈ ಎರಡನೆಯದರ ಮುಂಭಾಗದಲ್ಲಿ ಒಂದು ತಿರುಗಣೆ, ಅದರ ಸುತ್ತ ಹತ್ತಾರು ಹೊಲಿಗೆಗಳ ಚಿತ್ರ. ಆದರೆ ತಿರುಗಣೆ ಸದಾ ನೇರ ಹೊಲಿಗೆಯ ಮೇಲೇ ನಿಂತಿರುತ್ತದೆ. ಪಕ್ಕದಲ್ಲೇ ಇರುವ ಝಿಗ್‌ಜ್ಯಾಗ್, ಅಂದರೆ ಅಂಕುಡೊಂಕು ಹೊಲಿಗೆಯನ್ನು "ಅದು ಡಿಸೈನಿಗೆ" ಎಂದು ಬಿಟ್ಟಿರುತ್ತಾರೆ. ಅದು ಡಿಸೈನಿಗಲ್ಲ. ಬಟ್ಟೆಯ ಆಯುಸ್ಸು ಹೆಚ್ಚಿಸುವ ಹೊಲಿಗೆ ಅದು.

ಹುಮನಾಬಾದ್ ಕಡೆಯ ಒಬ್ಬ ಹೆಣ್ಣುಮಗಳು ಹೋದ ತಿಂಗಳು ತನ್ನ ಮದುವೆಯ ಖಣದ ರವಿಕೆ ತಂದಳು. ತಮ್ಮನ ಮದುವೆಗೆ ಅದನ್ನೇ ತೊಡುವ ಆಸೆ. "ಅಕ್ಕಾ, ಎರಡು ಇಂಚು ಸಡಿಲ ಮಾಡಿಕೊಡ್ರಿ, ಒಳಗ ಬಟ್ಟಿ ಬಿಡಿಸೀನಿ," ಅಂದಳು. ಲೆಕ್ಕ ಸರಿಯಾಗಿತ್ತು. ಎರಡು ಪಕ್ಕ, ಪಕ್ಕಕ್ಕೆ ಎರಡು ಪದರ. ಒಟ್ಟು ನಾಲ್ಕು ಕಡೆ ಅರ್ಧರ್ಧ ಇಂಚು ಬಿಟ್ಟರೆ ಎರಡು ಇಂಚು. ಒಳಗು ತಿರುಗಿಸಿ ನೋಡಿದರೆ ಒಂದು ಇಂಚು ಇರಬೇಕಾದಲ್ಲಿ ಕಾಲಿಂಚು ಮಾತ್ರ ಉಳಿದಿತ್ತು. ಮಿಕ್ಕದ್ದೆಲ್ಲ ಎಳೆ ಎಳೆಯಾಗಿ ಬಿಚ್ಚಿಹೋಗಿತ್ತು. ಹೊಲಿದವರು ಬಟ್ಟೆ ಬಿಟ್ಟಿದ್ದರು, ಅಂಚು ಕಟ್ಟಿರಲಿಲ್ಲ, ಅಷ್ಟೇ.

ನಮ್ಮ ರವಿಕೆಗಳಲ್ಲಿ ಟೇಲರ್‌ಗಳು ಒಳಗೆ ಬಟ್ಟೆ ಬಿಡುವುದು ಮುಂದಿನ ದಿನಗಳಿಗಾಗಿ. ಮೈ ತುಂಬುತ್ತದೆ, ಹೆರಿಗೆಯಾಗುತ್ತದೆ, ಅಕ್ಕನ ರವಿಕೆ ತಂಗಿಗೆ ಬರುತ್ತದೆ. ಆ ಒಂದು ಒಂದೂವರೆ ಇಂಚು ಒಂದು ಬಗೆಯ ಉಳಿತಾಯ. ಊರಲ್ಲಿ ಒಳ್ಳೆಯ ರವಿಕೆಯನ್ನು ಕೈಯಲ್ಲಿ ಮೆಲ್ಲಗೆ ಹಿಂಡಿ ನೆರಳಲ್ಲಿ ಒಣಗಿಸುತ್ತಿದ್ದರು. ಇಲ್ಲಿ ಎಲ್ಲವೂ ವಾಷಿಂಗ್ ಮಿಷಿನ್ನಿಗೆ. ಅದರೊಳಗಿನ ತಿಕ್ಕಾಟಕ್ಕೆ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ. ಗುಳೇದಗುಡ್ಡದ ಖಣದಂಥ ಬಟ್ಟೆಗೆ ಅದೇ ಬಣ್ಣ, ಅದೇ ಬುಟ್ಟಿ ಮತ್ತೆ ಸಿಗುವುದೂ ಕಷ್ಟ.

ನೇರ ಹೊಲಿಗೆ ಎರಡು ಬಟ್ಟೆಗಳನ್ನು ಕೂಡಿಸುತ್ತದೆ, ಅಂಚನ್ನು ಹಿಡಿಯುವುದಿಲ್ಲ. ಅಂಚು ಬಿಚ್ಚುವುದು ಅದಕ್ಕೆ ಸಮನಾಗಿ ಓಡುವ ಎಳೆಗಳು ಒಂದೊಂದಾಗಿ ಜಾರುವುದರಿಂದ. ಝಿಗ್‌ಜ್ಯಾಗ್‌ನಲ್ಲಿ ಸೂಜಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ. ದಾರ ಓರೆಯಾಗಿ ಹಾಯುವುದರಿಂದ ಮೂರ್ನಾಲ್ಕು ಮಿಲಿಮೀಟರ್ ಅಗಲದ ಎಳೆಗಳೆಲ್ಲ ಒಟ್ಟಿಗೆ ಕಟ್ಟಿಗೆ ಸಿಗುತ್ತವೆ. ಎಳೆದಾಗ ಆ ಓರೆ ದಾರ ಸ್ವಲ್ಪ ನೇರವಾಗುವುದರಿಂದ ಹೊಲಿಗೆಯೂ ಹಿಗ್ಗುತ್ತದೆ. ಟಿ-ಶರ್ಟಿನ ಮಡಿಕೆಯಲ್ಲಿ ನೇರ ಹೊಲಿಗೆ ಪಟ್ಟೆಂದು ಹರಿದು ಇದು ಹರಿಯದಿರುವುದಕ್ಕೆ ಕಾರಣ ಅದೇ. ಅಮೆರಿಕದ ಹೆಲೆನ್ ಬ್ಲಾಂಚರ್ಡ್ ಎಂಬ ಮಹಿಳೆ ಬಟ್ಟೆಯ ಅಂಚು ಸುತ್ತಿ ಹೊಲಿಯುವ ಮಿಷಿನ್ನಿಗೆ 1873ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದರೆ ಈ ಹೊಲಿಗೆ ಹುಟ್ಟಿದ್ದು ಅಲಂಕಾರಕ್ಕಿಂತ ಮೊದಲು ಗಟ್ಟಿತನಕ್ಕೆ.

ಈಗ ಮಿಷಿನ್ ಮುಂದೆ ಕೂರೋಣ.

ಮೊದಲು ಬಟ್ಟೆ ಒತ್ತಿಹಿಡಿಯುವ ಪಾದ ನೋಡಿ. ಝಿಗ್‌ಜ್ಯಾಗ್ ಪಾದದಲ್ಲಿ ಅಡ್ಡಕ್ಕೆ ಉದ್ದನೆಯ ಸೀಳು ಇರುತ್ತದೆ. ಕೆಳಗಿನ ತಗಡಿನಲ್ಲೂ ಹಾಗೆಯೇ. ಒಂದೇ ಗುಂಡನೆಯ ತೂತಿರುವ ಪಾದ ಹಾಕಿದ್ದರೆ ಸೂಜಿ ಪಕ್ಕಕ್ಕೆ ಬಂದು ಲೋಹಕ್ಕೆ ಬಡಿದು ಮುರಿಯುತ್ತದೆ. ಸೂಜಿ ಬಟ್ಟೆಯೊಳಗೆ ಇದ್ದಾಗ ತಿರುಗಣೆ ತಿರುಗಿಸಬೇಡಿ. ಪೂರ್ತಿ ಮೇಲೆತ್ತಿ ಆಮೇಲೆ ತಿರುಗಿಸಿ. ಪೆಡಲ್ ಒತ್ತುವ ಮುಂಚೆ ಪಕ್ಕದ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ, ಎಡಕ್ಕೊಂದು ಬಲಕ್ಕೊಂದು ಹೊಲಿಗೆ ಬೀಳಿಸಿ ನೋಡಿ. ಎಲ್ಲೂ ತಾಗದಿದ್ದರೆ ಮುಂದುವರಿಯಿರಿ.

ಅಳತೆ ಎರಡು: ಅಗಲ ಮತ್ತು ಉದ್ದ. ಸಾಮಾನ್ಯ ಹತ್ತಿ ಬಟ್ಟೆಗೆ ಅಗಲ 4, ಉದ್ದ 2. ಖಣದಂಥ ತೆಳು ಬಟ್ಟೆಗೆ ಅಗಲ 3, ಉದ್ದ 1.5. ಇವು ಶುರು ಮಾಡಲು ಮಾತ್ರ. ಅದೇ ಬಟ್ಟೆಯ ಒಂದು ತುಂಡಿನ ಮೇಲೆ ಹೊಲಿದು ನೋಡಿ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಎಷ್ಟೋ ಮಿಷಿನ್‌ಗಳಲ್ಲಿ ಅಗಲಕ್ಕೆ ಬೇರೆ ಗುಂಡಿಯೇ ಇರುವುದಿಲ್ಲ, ತಿರುಗಣೆಯ ಮೇಲೆಯೇ ಸಣ್ಣ, ಮಧ್ಯಮ, ದೊಡ್ಡ ಅಂಕುಡೊಂಕಿನ ಚಿತ್ರ ಇರುತ್ತವೆ.

ಗುಟ್ಟು ಇರುವುದು ಅಂಚಿನಲ್ಲಿ. ಸೂಜಿ ಎಡಕ್ಕೆ ಬಂದಾಗ ಬಟ್ಟೆಯ ಮೇಲೆ, ಬಲಕ್ಕೆ ಹೋದಾಗ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬೀಳಬೇಕು. ಆಗ ದಾರ ಅಂಚನ್ನು ಸುತ್ತಿಕೊಳ್ಳುತ್ತದೆ. ಎರಡೂ ಒಳಗೇ ಬಿದ್ದರೆ ಹೊರಗಿನ ಎಳೆಗಳು ಮತ್ತೆ ಬಿಚ್ಚುತ್ತವೆ. ತೀರ ಹೊರಗೆ ಬಿದ್ದರೆ ಅಂಚು ಸುರುಳಿಯಾಗುತ್ತದೆ. ಹಾಗೆ ಸುರುಳಿಯಾದರೆ ಅಗಲ ಕಡಿಮೆ ಮಾಡಿ, ಮೇಲಿನ ದಾರದ ಟೆನ್ಷನ್ ಸ್ವಲ್ಪ ಸಡಿಲಿಸಿ. ಅದಕ್ಕೂ ಬಗ್ಗದಿದ್ದರೆ ಕೆಳಗೆ ತೆಳುವಾದ ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ರವಿಕೆಗೆ ಇನ್ನೊಂದು ಮಾತು, ಇದೇ ಮುಖ್ಯ. ಎರಡು ಪದರಗಳನ್ನು ಜೋಡಿಸಿ ಒಟ್ಟಿಗೆ ಝಿಗ್‌ಜ್ಯಾಗ್ ಹಾಕಬೇಡಿ. ಆಮೇಲೆ ಸಡಿಲಿಸುವಾಗ ಮಾರ್ಜಿನ್ ಬಿಡಿಸಿ ಚಪ್ಪಟೆ ಮಾಡಲು ಅದನ್ನೆಲ್ಲ ಬಿಚ್ಚಬೇಕಾಗುತ್ತದೆ. ಪ್ರತಿ ತುಂಡಿನ ಅಂಚಿಗೂ ಬೇರೆ ಬೇರೆ ಝಿಗ್‌ಜ್ಯಾಗ್ ಹಾಕಿ, ನಂತರ ಪಕ್ಕದ ನೇರ ಹೊಲಿಗೆ ಹಾಕಿ. ಲೈನಿಂಗ್ ಇದ್ದರೆ ಮೇಲಿನ ಬಟ್ಟೆ, ಲೈನಿಂಗ್ ಎರಡನ್ನೂ ಒಂದೇ ಪದರವೆಂದು ಎಣಿಸಿ. ಹೊರಗೆ ಹೊಲಿಯಲು ಕೊಡುವವರೂ ಟೇಲರಿಗೆ ಇದನ್ನು ಮೊದಲೇ ಹೇಳಬಹುದು. ಓವರ್‌ಲಾಕ್ ಹಾಕುವಾಗ ಅಂಚಿನ ಬಟ್ಟೆಯನ್ನು ಜಾಸ್ತಿ ಕತ್ತರಿಸಬೇಡಿ ಎನ್ನುವುದನ್ನೂ ಸೇರಿಸಿ. ಓವರ್‌ಲಾಕ್ ಮಿಷಿನ್ನಿಗೆ ಕತ್ತಿ ಇರುತ್ತದೆ, ಝಿಗ್‌ಜ್ಯಾಗ್‌ಗೆ ಇಲ್ಲ.

ಉಳಿದ ಉಪಯೋಗಗಳು ಚುಟುಕಾಗಿ: ಸೀರೆಯ ಪೀಕೊ ಕೂಡ ಒಂದು ಬಗೆಯ ಒತ್ತಾದ ಝಿಗ್‌ಜ್ಯಾಗ್. ಅಂಚನ್ನು ಸಣ್ಣಗೆ ಮಡಿಚಿ, ಅಗಲ 2.5, ಉದ್ದ 1ರ ಸುಮಾರಿಗೆ ಇಟ್ಟುಕೊಂಡರೆ ಮನೆಯಲ್ಲೇ ಬರುತ್ತದೆ. ಮೊದಲು ಹಳೆಯ ಸೀರೆಯ ಮೇಲೆ ಕೈ ಪಳಗಿಸಿಕೊಳ್ಳಿ. ಟಿ-ಶರ್ಟ್, ಲೆಗಿಂಗ್ಸ್‌ಗೆ ತುದಿ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿ ಹಾಕಿ, ಅಗಲ 2, ಉದ್ದ 2.5 ಇಡಿ, ಬಟ್ಟೆಯನ್ನು ಎಳೆಯದೆ ತಾನಾಗಿ ಹೋಗಲು ಬಿಡಿ. ಮಕ್ಕಳ ಪ್ಯಾಂಟಿನ ಮಂಡಿಗೆ ತೇಪೆ ಹಾಕುವಾಗ ಉದ್ದವನ್ನು ಅರ್ಧಕ್ಕಿಳಿಸಿ ಸುತ್ತಲೂ ಹೊಲಿದರೆ ತೇಪೆ ಸುಲಭಕ್ಕೆ ಏಳುವುದಿಲ್ಲ. ಕೌದಿಗೆ ಮಾತ್ರ ನಾನು ಇದನ್ನು ಹೇಳಲಾರೆ, ಅದರ ಮೆದುತನ ಕೈಹೊಲಿಗೆಯ ಸಾಲುಗಳಲ್ಲಿದೆ. ತೀರ ತೆಳುವಾದ ಜಾರ್ಜೆಟ್, ಶಿಫಾನ್‌ಗಳಿಗೂ ಅಂಚು ಒಳಗೆ ಅಡಗುವ ಹಾಗೆ ಎರಡು ಸಲ ಮಡಿಚಿ ಹೊಲಿಯುವುದೇ ಚಂದ.

ಕಪ್ಪು ಮಿಷಿನ್ ಇರುವವರು ಬೇಸರಿಸಬೇಡಿ. ಅದಕ್ಕೆ ಜೋಡಿಸುವ ಝಿಗ್‌ಜ್ಯಾಗ್ ಸಾಧನ ಸಿಗುತ್ತದೆ. ಅದು ಸೂಜಿಯ ಬದಲು ಬಟ್ಟೆಯನ್ನೇ ಅತ್ತಿತ್ತ ಸರಿಸುತ್ತದೆ. ಕೊಳ್ಳುವಾಗ ನಿಮ್ಮ ಮಿಷಿನ್ನಿಗೆ ಹೊಂದುತ್ತದೆಯೇ ಎಂದು ಕೇಳಿ. ಅದೂ ಬೇಡವೆಂದರೆ ಸೂಜಿ ದಾರ ಹಿಡಿದು ಕೈಯಿಂದ ಅಂಚು ಸುತ್ತಿ. ನಿಧಾನ ನಿಜ, ಆದರೆ ರವಿಕೆಯ ನಾಲ್ಕು ಅಂಚಿಗೆ ಎಷ್ಟು ಹೊತ್ತು ಬೇಕು?

ಹುಮನಾಬಾದಿನ ರವಿಕೆಗೆ ಕಂಕುಳ ಕೆಳಗೆ ಎರಡೂ ಪಕ್ಕ ಹೊಂದುವ ಬಣ್ಣದ ಪಟ್ಟಿ ಕೂಡಿಸಿದೆವು. ಕೈ ಇಳಿಸಿದರೆ ಕಾಣುವುದಿಲ್ಲ. ಪಟ್ಟಿಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟು, ಎಲ್ಲ ಅಂಚುಗಳನ್ನೂ ಝಿಗ್‌ಜ್ಯಾಗ್‌ನಿಂದ ಕಟ್ಟಿದ್ದೇವೆ. "ನನ ಮಗಳಿಗೂ ಬರ್ತದೇನ್ರಿ ಅಕ್ಕಾ?" ಎಂದು ಕೇಳಿದಳು. ಮಗಳಿಗೆ ಈಗ ನಾಲ್ಕು ವರ್ಷ. ಬಟ್ಟೆ ಉಳಿದಿರುತ್ತದೆ, ಅಷ್ಟಂತೂ ಹೇಳಬಹುದು.

ಈ ವಾರ ನಿಮ್ಮ ಬೀರುವಿನಲ್ಲಿರುವ ಒಳ್ಳೆಯ ರವಿಕೆಗಳನ್ನು ಒಮ್ಮೆ ಒಳಗು ತಿರುಗಿಸಿ ನೋಡಿ. ಅಂಚು ಎಳೆ ಬಿಡಲು ಶುರುವಾಗಿದ್ದರೆ ಮುಂದಿನ ಒಗೆತಕ್ಕೆ ಮೊದಲೇ ಕಟ್ಟಿಬಿಡಿ. ಮುಂದಿನ ಕಂತಿನಲ್ಲಿ ಇದೇ ಹೊಲಿಗೆಯಿಂದ ಕಾಜಾ ಮಾಡುವುದನ್ನು ನೋಡೋಣ.