ಕತ್ತರಿ ಯಾರ ಕೈಯಲ್ಲಿ?

ಸ್ವತಂತ್ರ ಸಿನಿಮಾದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಬಂಡವಾಳದ ಸುತ್ತಲೇ ಗಿರಕಿ ಹೊಡೆಯುತ್ತದೆ. ದುಡ್ಡು ಹಾಕುವವರು ಯಾರು, ಥಿಯೇಟರ್ ಸಿಕ್ಕೀತೇ ಎಂಬ ಪ್ರಶ್ನೆಗಳು ಮುಖ್ಯವೇ. ಆದರೆ ಚಿತ್ರ ಕೊನೆಗೆ ಯಾರದು ಎಂಬುದು ನಿಶ್ಚಯವಾಗುವುದು ಸಂಕಲನದ ಕೋಣೆಯಲ್ಲಿ. ಅಮೆರಿಕದ ನಿರ್ದೇಶಕಿ ಕೆಲ್ಲಿ ರೈಕಾರ್ಟ್ ಅವರ ಮೂರು ದಶಕಗಳ ದುಡಿಮೆ ಇದನ್ನೇ ಹೇಳುತ್ತದೆ.

ಅವರ ಮೊದಲ ಚಿತ್ರ ‘ರಿವರ್ ಆಫ್ ಗ್ರಾಸ್’ 1994ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಮುಂದಿನ ಪೂರ್ಣಪ್ರಮಾಣದ ಚಿತ್ರ ‘ಓಲ್ಡ್ ಜಾಯ್’ ಬಂದದ್ದು 2006ರಲ್ಲಿ. ನಡುವಿನ ಹನ್ನೆರಡು ವರ್ಷ ಹಣ ಹೂಡುವವರು ಸಿಗಲಿಲ್ಲ. ರೈಕಾರ್ಟ್ ಸೂಪರ್ 8 ಕ್ಯಾಮೆರಾದಲ್ಲಿ ಸಣ್ಣ ಚಿತ್ರಗಳನ್ನು ಮಾಡುತ್ತ ಉಳಿದರು. ‘ಓಲ್ಡ್ ಜಾಯ್’ನಿಂದ ಮುಂದೆ ತಮ್ಮ ಚಿತ್ರಗಳ ಸಂಕಲನವನ್ನೂ ತಾವೇ ಮಾಡತೊಡಗಿದರು. ಜೊತೆಗೆ ಬಾರ್ಡ್ ಕಾಲೇಜಿನಲ್ಲಿ ಪಾಠ ಹೇಳಿದರು. ಸಿನಿಮಾದಿಂದಲೇ ಹೊಟ್ಟೆ ತುಂಬಬೇಕೆಂಬ ಒತ್ತಡ ಇಲ್ಲದವರಿಗೆ ‘ಆಗದು’ ಎನ್ನುವ ಧೈರ್ಯ ಇರುತ್ತದೆ.

ಆ ಧೈರ್ಯ ತೆರೆಯ ಮೇಲೆ ಕಾಣುತ್ತದೆ. ‘ಮೀಕ್ಸ್ ಕಟಾಫ್’ (2010) 1845ರಲ್ಲಿ ಆರೆಗಾನ್‌ನ ಬಯಲಿನಲ್ಲಿ ದಾರಿ ತಪ್ಪಿದ ವಲಸೆಗಾರರ ಕಥೆ. ಮೂಲನಿವಾಸಿಯೊಬ್ಬ ಎದುರಾದಾಗ ಎಮಿಲಿ ಎಂಬಾಕೆ ಬಂಡಿಯತ್ತ ಓಡಿ ಬಂದೂಕು ಹಾರಿಸುತ್ತಾಳೆ. ಎರಡನೆಯ ಗುಂಡಿಗೆ ಮೊದಲು ಮದ್ದು ಸುರಿದು, ಸಲಾಕೆಯಿಂದ ಜಡಿಯಬೇಕು. ಸಾಮಾನ್ಯ ಕೌಬಾಯ್ ಚಿತ್ರದಲ್ಲಾದರೆ ಆ ಹೊತ್ತಿಗೆ ಕತ್ತರಿ ಬೀಳುತ್ತಿತ್ತು. ರೈಕಾರ್ಟ್ ಅದನ್ನು ಉಳಿಸಿಕೊಂಡಿದ್ದಾರೆ. ಬಂದೂಕಿನ ಗತ್ತು ಕರಗಿ, ಹೆದರಿದ ಜೀವವೊಂದರ ಪರದಾಟ ಕಣ್ಣಿಗೆ ಬೀಳುತ್ತದೆ.

‘ವೆಂಡಿ ಅಂಡ್ ಲೂಸಿ’ಯಲ್ಲಿ (2008) ಕೆಲಸ ಅರಸಿ ಅಲಾಸ್ಕಾಗೆ ಹೊರಟ ಹುಡುಗಿಯ ಕಾರು ಕೆಡುತ್ತದೆ, ನಾಯಿ ಕಳೆದುಹೋಗುತ್ತದೆ. ಕೈಯಲ್ಲಿರುವ ಡಾಲರುಗಳ ಲೆಕ್ಕವನ್ನು ಆಕೆ ಪುಸ್ತಕದಲ್ಲಿ ಬರೆದಿಡುತ್ತಾಳೆ. ಕೈ ಬರಿದಾಗಿರುವವರ ಬದುಕಿನಲ್ಲಿ ಒಂದು ರಿಪೇರಿಯ ಖರ್ಚು ಏನೆಲ್ಲ ಮಾಡಬಲ್ಲದು ಎಂಬುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಈ ನಿಧಾನ ಬರಿಯ ಶೈಲಿಯಲ್ಲ, ಬಡವರ ಕಷ್ಟಕ್ಕೆ ಸಲ್ಲಬೇಕಾದ ಸಮಯವನ್ನು ಸಲ್ಲಿಸುವ ನ್ಯಾಯ.

ನಿರ್ದೇಶಕರೆಲ್ಲ ತಾವೇ ಸಂಕಲನಕ್ಕೆ ಕೂರಬೇಕೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಸಂಕಲನಕಾರ ನಿರ್ದೇಶಕನಿಗೆ ಕಾಣದ್ದನ್ನೂ ಕಾಣಬಲ್ಲ. ಆದರೆ ಯಾವುದು ಉಳಿಯಬೇಕು, ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನು ಮಾರುಕಟ್ಟೆಯ ಭಯ ತೀರ್ಮಾನಿಸಬಾರದು. ಮೊದಲ ಚಿತ್ರದ ಹುಮ್ಮಸ್ಸಿನಲ್ಲಿರುವ ಗೆಳೆಯ ಗೆಳತಿಯರಿಗೆ ನಮ್ಮ ಮಾತು ಇಷ್ಟೇ: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೊನೆಯ ಕತ್ತರಿಯ ಹಕ್ಕು ಯಾರದೆಂದು ಕೇಳಿ, ಅದನ್ನು ಬರಹದಲ್ಲಿ ಪಡೆಯಿರಿ. ಸಂಭಾವನೆಯ ಮಾತು ಆಮೇಲೆ.

– ಸಂಪಾದಕ