ಯಾರ ಔಷಧ, ಯಾರಿಗಾಗಿ?

ಬೋಳುತಲೆಗೆ, ಮುಖದ ಸುಕ್ಕಿಗೆ ಬೇಡಿಕೆಯ ಔಷಧಗಳು ಹೆಚ್ಚುತ್ತಿರುವಾಗ ಪ್ರಾಣ ಉಳಿಸುವ ಔಷಧಗಳ ಗತಿಯೇನು? ಎಫ್ಲಾರ್ನಿಥಿನ್‌ನ ಕಥೆಯನ್ನು ನಾವು ಗಮನಿಸೋಣ.

ಆಫ್ರಿಕಾದಲ್ಲಿ ತ್ಸೆತ್ಸೆ ನೊಣದ ಕಡಿತದಿಂದ ಹರಡುವ ನಿದ್ರಾರೋಗಕ್ಕೆ ಚಿಕಿತ್ಸೆ ದೊರೆಯದಿದ್ದರೆ ಮರಣ ಬಹುತೇಕ ನಿಶ್ಚಿತ. ರೋಗ ಮೆದುಳನ್ನು ತಲುಪಿದಾಗ ನೀಡುತ್ತಿದ್ದ ಹಳೆಯ ಔಷಧ ಪಾಷಾಣಯುಕ್ತವಾದುದು. 100 ರೋಗಿಗಳಲ್ಲಿ ಸುಮಾರು ಐವರು ಅದರಿಂದಲೇ ಸಾಯುತ್ತಿದ್ದರು. 1990ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಎಫ್ಲಾರ್ನಿಥಿನ್ ಅದಕ್ಕಿಂತ ಸುರಕ್ಷಿತವಾಗಿತ್ತು. ಆದರೆ ರೋಗಿಗಳು ಬಡವರು. ಲಾಭವಿಲ್ಲದ ಕಾರಣ 1995ರಲ್ಲಿ ಅದರ ತಯಾರಿಕೆಯೇ ನಿಂತಿತು.

2000ದಲ್ಲಿ ಅದೇ ಔಷಧ ಮರಳಿ ಬಂದಿತು, ಮಹಿಳೆಯರ ಮುಖದ ರೋಮದ ಬೆಳವಣಿಗೆಯನ್ನು ತಗ್ಗಿಸುವ ಮುಲಾಮಿನ ರೂಪದಲ್ಲಿ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ‘ಗಡಿರಹಿತ ವೈದ್ಯರು’ ಸಂಘಟನೆಯ ಪ್ರಯತ್ನದ ಫಲವಾಗಿ, 2001ರಲ್ಲಿ ಕಂಪೆನಿಯು ನಿದ್ರಾರೋಗದ ಔಷಧವನ್ನು ದಾನವಾಗಿ ನೀಡಲೊಪ್ಪಿತು.

ಮುಲಾಮು ಬಯಸಿದ ಮಹಿಳೆಯನ್ನು ನಾವು ದೂರುವುದಿಲ್ಲ. ಆಕೆಯ ಸಂಕಟವೂ ಸಂಕಟವೇ. ನಮ್ಮ ಆಕ್ಷೇಪವಿರುವುದು ಉದ್ಯಮದ ಆದ್ಯತೆಯ ಕುರಿತು. ವ್ಯಾಪಕ ತಪಾಸಣೆ ಮತ್ತು ಉಚಿತ ಔಷಧಗಳಿಂದಾಗಿ 2018ರ ವೇಳೆಗೆ ನಿದ್ರಾರೋಗದ ವಾರ್ಷಿಕ ಪ್ರಕರಣಗಳು 1,000ಕ್ಕಿಂತ ಕೆಳಗಿಳಿದವು. ಔಷಧ ಕೈಗೆಟುಕಿದರೆ ರೋಗ ಹಿಮ್ಮೆಟ್ಟುತ್ತದೆ. ಹಾಗಿರುವಾಗ ಬಡವನ ಪ್ರಾಣವು ಉಳ್ಳವರ ಔದಾರ್ಯಕ್ಕಾಗಿ ಕಾದಿರಬೇಕೆ? ಮಾರುಕಟ್ಟೆ ಕೈಬಿಟ್ಟ ಔಷಧಗಳ ಹೊಣೆಯನ್ನು ಸರಕಾರಗಳು ಹೊರಲೇಬೇಕು.